ದ್ರಾಕ್ಷಿಯ ಆಲೆಯಲ್ಲಿ ಗೋದಿ ಬಡಿದವನು

ಸಹೋದರ ಸಹೋದರಿಯರೇ, ಈ ಸಂಜೆಯ ಮಾತಿಗೆ ನಾನು ಆರಿಸಿಕೊಂಡಿರುವ ಮನುಷ್ಯನನ್ನು ಸತ್ಯವೇದವು ನಮಗೆ ಮೊದಲು ತೋರಿಸುವುದು ಒಂದು ಗುಂಡಿಯೊಳಗೆ. ನ್ಯಾಯಸ್ಥಾಪಕರ ಗ್ರಂಥದ 6ನೆಯ ಅಧ್ಯಾಯದಲ್ಲಿ, ಒಫ್ರ ಎಂಬ ಊರಿನಲ್ಲಿ, ಯೋವಾಷನ ಮಗನಾದ ಗಿದ್ಯೋನನು ದ್ರಾಕ್ಷಿಯ ಆಲೆಯಲ್ಲಿ ಗೋದಿಯನ್ನು ಬಡಿಯುತ್ತಿದ್ದಾನೆ. ಓದುವಾಗ ನಾವು ಸಾಮಾನ್ಯವಾಗಿ ಈ ವಾಕ್ಯವನ್ನು ದಾಟಿ, ದೇವದೂತನ ಮಾತಿಗೆ ಬಂದುಬಿಡುತ್ತೇವೆ. ಆದರೆ ಕಣದ ಕೆಲಸ ಕಂಡ ಯಾರಿಗಾದರೂ ಇಲ್ಲಿ ಏನೋ ಸರಿಯಿಲ್ಲವೆಂದು ಕೂಡಲೇ ತಿಳಿಯುತ್ತದೆ.

ನಾನು ಚಿಕ್ಕವನಿದ್ದಾಗ ನಮ್ಮ ಮನೆಯವರು ರಾಗಿಯ ಕಣ ಮಾಡುತ್ತಿದ್ದುದು ಊರಿನ ಎತ್ತರದ ಬಯಲಿನಲ್ಲಿ. ಕಾಳು ಬೇರ್ಪಡಲು ಗಾಳಿ ಬೇಕು; ಗಾಳಿ ಬೀಸದ ದಿನ ಹಿರಿಯರು ಮೊರ ಹಿಡಿದುಕೊಂಡು ಹೊತ್ತು ಮುಳುಗುವವರೆಗೂ ಕಾಯುತ್ತಿದ್ದರು. ಇಸ್ರಾಯೇಲ್ಯರ ನಾಡಿನಲ್ಲಿಯೂ ಕಣಗಳು ಎತ್ತರದ ತೆರವಾದ ನೆಲದಲ್ಲಿಯೇ ಇರುತ್ತಿದ್ದವು, ಎತ್ತುಗಳಿಂದ ತುಳಿಸಿ, ಗಾಳಿಗೆ ತೂರಿ ಹೊಟ್ಟು ಹಾರಿಸುತ್ತಿದ್ದರು. ದ್ರಾಕ್ಷಿಯ ಆಲೆಯಾದರೋ ಬಂಡೆಯಲ್ಲಿ ಕೊರೆದ ತಗ್ಗು. ಅಲ್ಲಿ ಗಾಳಿಯಿಲ್ಲ, ಎತ್ತು ತಿರುಗಲು ಜಾಗವಿಲ್ಲ, ಕೋಲಿನಿಂದ ಒಂದೊಂದೇ ಹಿಡಿ ತೆನೆಯನ್ನು ಬಡಿಯಬೇಕು. ಗೋದಿಯ ಸುಗ್ಗಿ ಬೇಸಿಗೆಯ ಆರಂಭದಲ್ಲಿ ಬರುತ್ತದೆ, ದ್ರಾಕ್ಷಿ ಹಣ್ಣಾಗುವುದು ಅದಾಗಿ ಒಂದೆರಡು ತಿಂಗಳಿಗೆ. ಆದ್ದರಿಂದ ಆ ಹೊತ್ತಿನಲ್ಲಿ ಆಲೆಯ ಕಡೆಗೆ ಯಾರೂ ಕಣ್ಣು ಹಾಯಿಸುವುದಿಲ್ಲ. ಗಿದ್ಯೋನನು ಅಲ್ಲಿ ಇಳಿದು ನಿಂತದ್ದು ಅದಕ್ಕಾಗಿಯೇ. ಬೆಳೆ ಸೂರೆಮಾಡುತ್ತಿದ್ದ ಮಿದ್ಯಾನ್ಯರ ಕಣ್ಣಿಗೆ ಬೀಳದಂತೆ ಮನೆಯವರ ಹೊಟ್ಟೆಗೆ ನಾಲ್ಕು ಕಾಳು ಉಳಿಸಬೇಕಾಗಿತ್ತು.

ಆ ಕಾಲದ ಸಂಕಟವನ್ನು ಗ್ರಂಥವು ಕೆಲವೇ ಮಾತುಗಳಲ್ಲಿ ಹೇಳುತ್ತದೆ. ಏಳು ವರ್ಷಗಳಿಂದ ಇಸ್ರಾಯೇಲ್ಯರು ಬಿತ್ತಿದಾಗಲೆಲ್ಲ ಮಿದ್ಯಾನ್ಯರೂ ಅಮಾಲೇಕ್ಯರೂ ಮೂಡಣ ದೇಶದವರೂ ಒಂಟೆಗಳೊಡನೆ ಮಿಡತೆಗಳ ಹಾಗೆ ಬಂದಿಳಿದು, ಗಾಜದವರೆಗೂ ಬೆಳೆಯನ್ನು ಹಾಳುಮಾಡಿ, ಕುರಿ ದನ ಕತ್ತೆ ಒಂದನ್ನೂ ಬಿಡದೆ ಹೋಗುತ್ತಿದ್ದರು. ಜನರು ಬೆಟ್ಟಗಳ ಗುಹೆಗಳಲ್ಲಿ ಬದುಕುತ್ತಿದ್ದರು. ಬಿತ್ತಿದವನಿಗೆ ಕೊಯ್ಯುವ ಭರವಸೆಯಿಲ್ಲದ ಏಳು ವರ್ಷಗಳು ಒಬ್ಬ ರೈತನ ಮನಸ್ಸನ್ನು ಏನು ಮಾಡುತ್ತವೆ ಎಂಬುದನ್ನು ನಾನು ವಿವರಿಸಬೇಕಾಗಿಲ್ಲ.

ಇಂಥವನಿಗೆ, ಮೈಯೆಲ್ಲ ಹೊಟ್ಟು ಮೆತ್ತಿಕೊಂಡು ಬಗ್ಗಿ ನಿಂತಿರುವವನಿಗೆ, ಮರದ ಕೆಳಗೆ ಬಂದು ಕುಳಿತ ಯೆಹೋವನ ದೂತನು ಹೇಳುವುದೇನು? ಪರಾಕ್ರಮಶಾಲಿಯೇ, ಯೆಹೋವನು ನಿನ್ನ ಸಂಗಡ ಇದ್ದಾನೆ. ಈ ಸಂಬೋಧನೆಯನ್ನು ಕೆಲವರು ಮುಂದೆ ಆಗಲಿರುವುದರ ಮುನ್ಸೂಚನೆ ಎಂದು ವಿವರಿಸುತ್ತಾರೆ, ಹಾಗಿರಬಹುದು. ಆದರೆ ನನ್ನ ಗಮನ ಹೋಗುವುದು ಗಿದ್ಯೋನನ ಉತ್ತರದ ಕಡೆಗೆ. ಅವನು ನಮಸ್ಕರಿಸಲಿಲ್ಲ, ಧನ್ಯನಾದೆನೆಂದು ಹೇಳಲಿಲ್ಲ. ಯೆಹೋವನು ನಮ್ಮ ಸಂಗಡ ಇರುವುದಾದರೆ ಇದೆಲ್ಲ ನಮಗೆ ಏಕೆ ಬಂದಿತು, ನಮ್ಮ ತಂದೆಗಳು ವಿವರಿಸಿದ ಆ ಅದ್ಭುತಗಳೆಲ್ಲ ಎಲ್ಲಿ, ಆತನು ನಮ್ಮನ್ನು ಕೈಬಿಟ್ಟಿದ್ದಾನಲ್ಲ ಎಂದು ಕೇಳಿದನು. ದೂತನು ಹೇಳಿದ್ದು "ನಿನ್ನ ಸಂಗಡ" ಎಂದು, ಗಿದ್ಯೋನನು ಹಿಂತಿರುಗಿಸಿದ್ದು "ನಮ್ಮ ಸಂಗಡ" ಎಂದು. ತನ್ನೊಬ್ಬನಿಗೆ ನೀಡಿದ ಆಶ್ವಾಸನೆಯನ್ನು ತನ್ನೊಬ್ಬನದಾಗಿ ಇಟ್ಟುಕೊಳ್ಳಲು ಅವನಿಗೆ ಬರಲಿಲ್ಲ; ಗುಹೆಗಳಲ್ಲಿ ಅಡಗಿರುವ ಜನರೆಲ್ಲ ಅವನ ಬಾಯಿಯ ಆ ಒಂದು "ನಮ್ಮ" ಎಂಬ ಮಾತಿನೊಳಗೆ ಬಂದುಬಿಟ್ಟರು.

ಇದು ಸಂಶಯದ ಪ್ರಶ್ನೆಯೆಂಬುದರಲ್ಲಿ ಅನುಮಾನವಿಲ್ಲ. ಆದರೂ ದೇವರನ್ನು ಬಿಟ್ಟುಬಿಟ್ಟವನು ಹೀಗೆ ಕೇಳಲಾರ. ತಂದೆಗಳು ಹೇಳಿದ, ಐಗುಪ್ತದ ಅಂದರೆ ಈಜಿಪ್ಟಿನ ದಾಸತ್ವದಿಂದ ಬಿಡುಗಡೆಯಾದ ಕಥೆಯನ್ನು ಅವನು ಅಕ್ಷರಶಃ ನಂಬಿರುವುದರಿಂದಲೇ ಕಣ್ಣೆದುರಿನ ಬರಿದಾದ ಕಣಜ ಅವನಿಗೆ ಅರ್ಥವಾಗುತ್ತಿಲ್ಲ. ಆ ಕಥೆಯನ್ನು ಹಬ್ಬದ ದಿನ ಹೇಳಿ ಮುಗಿಸುವ ಹಳೆಯ ಮಾತೆಂದು ತಿಳಿದಿದ್ದರೆ ಅವನು ಸುಮ್ಮನೆ ಗೋದಿ ಬಡಿಯುತ್ತಿದ್ದನು. ಮತ್ತೊಂದು ವಿಷಯವನ್ನೂ ಗಮನಿಸಬೇಕು. ಇದೆಲ್ಲ ಏಕೆ ಬಂದಿತು ಎಂಬುದಕ್ಕೆ ಉತ್ತರವನ್ನು ದೇವರು ಆಗಲೇ ಕೊಟ್ಟಾಗಿತ್ತು; ಇದೇ ಅಧ್ಯಾಯದಲ್ಲಿ ದೂತನು ಬರುವುದಕ್ಕೆ ಮುಂಚೆ ಒಬ್ಬ ಪ್ರವಾದಿಯು ಬಂದು, ನೀವು ನನ್ನ ಮಾತಿಗೆ ಕಿವಿಗೊಡಲಿಲ್ಲ ಎಂದು ಜನರಿಗೆ ಹೇಳಿಹೋಗಿದ್ದನು. ಹಾಗಿದ್ದರೂ ಗಿದ್ಯೋನನು ಕೇಳಿದಾಗ ಆ ಗದರಿಕೆಯನ್ನು ಯೆಹೋವನು ಮತ್ತೆ ಎತ್ತಲಿಲ್ಲ. ಆತನು ಅವನ ಕಡೆಗೆ ತಿರುಗಿ, ಈ ನಿನ್ನ ಬಲದಿಂದ ಹೋಗಿ ಇಸ್ರಾಯೇಲ್ಯರನ್ನು ಬಿಡಿಸು, ನಾನೇ ನಿನ್ನನ್ನು ಕಳುಹಿಸುತ್ತೇನೆ ಎಂದನು.

ಯಾವ ಬಲ? ಆ ಹೊತ್ತಿನವರೆಗೆ ಗಿದ್ಯೋನನು ಮಾಡಿರುವ ಕೆಲಸಗಳು ಎರಡೇ: ಅಡಗಿಕೊಂಡು ಗೋದಿ ಬಡಿದದ್ದು ಮತ್ತು ದೇವರನ್ನು ಪ್ರಶ್ನಿಸಿದ್ದು. ವ್ಯಾಖ್ಯಾನಕಾರರಲ್ಲಿ ಹಲವರು ಈ ಬಲವೆಂದರೆ ಕಳುಹಿಸುವಾತನ ಬಲವೆಂದು ಹೇಳುತ್ತಾರೆ, ಅದು ತಪ್ಪಲ್ಲ. ಆದರೆ "ಈ ನಿನ್ನ ಬಲ" ಎಂದು ಬೆರಳು ಮಾಡಿ ತೋರಿಸಿದಂತೆ ಹೇಳಿರುವಾಗ, ಜನರ ನೋವನ್ನು ತನ್ನದಾಗಿ ಮಾಡಿಕೊಂಡು ದೇವರ ಮುಂದೆ ನಿಂತು ಕೇಳಿದ ಆ ಕೇಳುವಿಕೆಯನ್ನೇ ಆತನು ಬಲವೆಂದು ಎಣಿಸಿದನೆಂದು ನಾನು ನಂಬುತ್ತೇನೆ. ಮುಂದಿನ ಮೂರು ಅಧ್ಯಾಯಗಳನ್ನು ಓದುತ್ತ ಹೋದಂತೆ ಈ ನಂಬಿಕೆ ನನ್ನಲ್ಲಿ ಗಟ್ಟಿಯಾಗಿದೆ, ಏಕೆಂದರೆ ಗಿದ್ಯೋನನು ಕೇಳುತ್ತಿರುವವರೆಗೂ ಅವನ ಕಥೆ ಒಂದು ರೀತಿ ನಡೆಯುತ್ತದೆ, ಕೇಳುವುದನ್ನು ನಿಲ್ಲಿಸಿದ ಮೇಲೆ ಬೇರೆಯೇ ರೀತಿ ನಡೆಯುತ್ತದೆ.

ಕರೆ ಬಂದ ಮೇಲೆ ಅವನ ಮುಂದಿನ ಆಕ್ಷೇಪಣೆ ತನ್ನ ಬಗ್ಗೆಯೇ. ಮನಸ್ಸೆಯ ಕುಲದಲ್ಲಿ ನನ್ನ ಮನೆತನ ಕನಿಷ್ಠ, ನನ್ನ ತಂದೆಯ ಮನೆಯಲ್ಲಿ ನಾನು ಚಿಕ್ಕವನು. ಇದು ಪೂರ್ಣ ಸತ್ಯವೆಂದು ಹೇಳಲಾಗದು; ಅವನ ತಂದೆಗೆ ಸ್ವಂತ ಬಲಿಪೀಠವಿತ್ತು, ಗಿದ್ಯೋನನಿಗೆ ಹತ್ತು ಆಳುಗಳನ್ನು ಕರೆದೊಯ್ಯುವಷ್ಟು ಅನುಕೂಲವಿತ್ತು. ಆದರೆ ತನ್ನನ್ನು ತಾನು ಅಳೆದುಕೊಳ್ಳುವಾಗ ಮನುಷ್ಯನ ಕೈಗೆ ಸಿಗುವ ಅಳತೆಗೋಲು ಅದೇ, ಮನೆತನ ಮತ್ತು ವಯಸ್ಸು. ದೇವರು ಆ ಅಳತೆಯನ್ನು ತಿದ್ದುವುದಕ್ಕೆ ಹೋಗಲಿಲ್ಲ. ನಿನ್ನ ಮನೆತನ ಅಷ್ಟೊಂದು ಸಣ್ಣದಲ್ಲ, ನೀನು ಸಮರ್ಥ ಎಂಬ ಯಾವ ಸಮಾಧಾನವೂ ಅಲ್ಲಿಲ್ಲ. ನಾನೇ ನಿನ್ನ ಸಂಗಡ ಇರುವೆನು ಎಂಬುದಷ್ಟೇ ಉತ್ತರ. ಹೀಬ್ರೂ ಭಾಷೆಯಲ್ಲಿ ಈ ಮಾತು, ವಿಮೋಚನಕಾಂಡದ 3ನೆಯ ಅಧ್ಯಾಯದಲ್ಲಿ ಉರಿಯುವ ಪೊದೆಯ ಬಳಿ ಮೋಶೆಗೆ ಹೇಳಿದ ಮಾತೇ ಆಗಿದೆ. ಮೋಶೆಯೂ ಆಗ, ಫರೋಹನ ಮುಂದೆ ನಿಲ್ಲಲು ನಾನು ಎಷ್ಟರವನು ಎಂದು ಹಿಂಜರಿದಿದ್ದನು. ಆ ದಿನಗಳಲ್ಲಿ ಅವನು ತಲೆಮರೆಸಿಕೊಂಡು ಕುರಿ ಮೇಯಿಸುತ್ತಿದ್ದುದು ಮಿದ್ಯಾನ್ಯರ ನಾಡಿನಲ್ಲಿ, ಮಿದ್ಯಾನ್ಯನಾದ ತನ್ನ ಮಾವನ ಮನೆಯಲ್ಲಿ. ಒಂದು ಕಾಲಕ್ಕೆ ಅಡಗುದಾಣವಾಗಿದ್ದ ಜನಾಂಗವೇ ಇನ್ನೊಂದು ಕಾಲಕ್ಕೆ ಅಡಗಿಕೊಳ್ಳುವುದಕ್ಕೆ ಕಾರಣವಾಯಿತು, ಆದರೆ ಹಿಂಜರಿದ ಇಬ್ಬರಿಗೂ ದೊರೆತ ಮಾತು ಒಂದೇ.

ಗಿದ್ಯೋನನು ಗುರುತು ಬೇಡಿದನು. ಕಾಣಿಕೆ ತರುವವರೆಗೂ ಇಲ್ಲಿಂದ ಹೋಗಬೇಡ ಎಂದು ವಿನಂತಿಸಿದನು. ನೀನು ಬರುವವರೆಗೂ ಇರುವೆನು ಎಂಬ ಉತ್ತರ ಬಂತು. ಅವನು ಮನೆಗೆ ಹೋಗಿ ಹೋತಮರಿಯನ್ನು ಅಡಿಗೆ ಮಾಡಿ, ಒಂದು ಏಫಾ ಹಿಟ್ಟಿನ ಹುಳಿಯಿಲ್ಲದ ರೊಟ್ಟಿಗಳನ್ನು ಸುಟ್ಟು ತಂದನು. ಒಂದು ಏಫಾ ಎಂದರೆ ಸುಮಾರು 22 ಲೀಟರಿನ ಅಳತೆ. ಗುಂಡಿಯಲ್ಲಿ ಕದ್ದು ಬಡಿದ ಗೋದಿಯ ಕಾಲದಲ್ಲಿ ಅಷ್ಟೊಂದು ಹಿಟ್ಟು! ನಂಬಲೋ ಬೇಡವೋ ಎಂಬ ಸ್ಥಿತಿಯಲ್ಲಿದ್ದವನು ಅತಿಥಿಗೆ ಬಡಿಸುವುದರಲ್ಲಿ ಮಾತ್ರ ಕೈ ಹಿಡಿಯಲಿಲ್ಲ. ರೊಟ್ಟಿ ಬೇಯುವಷ್ಟು ಹೊತ್ತೂ ಆ ಮರದ ಕೆಳಗೆ ದೇವರ ದೂತನು ಕಾದು ಕುಳಿತಿದ್ದನೆಂಬುದನ್ನು ನೆನೆದರೆ ನನ್ನ ಮನಸ್ಸು ತುಂಬಿಬರುತ್ತದೆ. ಬಂಡೆಯಿಂದ ಬೆಂಕಿ ಎದ್ದು ಕಾಣಿಕೆಯನ್ನು ದಹಿಸಿದ ಮೇಲೆ ಗಿದ್ಯೋನನು ಹೆದರಿದನು. ಭಯಪಡಬೇಡ, ಸಾಯುವುದಿಲ್ಲ ಎಂಬ ಮಾತು ಕೇಳಿ ಅಲ್ಲಿ ಬಲಿಪೀಠ ಕಟ್ಟಿ ಅದಕ್ಕೆ ಯೆಹೋವ ಷಾಲೋಮ್, ಅಂದರೆ ಯೆಹೋವನು ಸಮಾಧಾನ, ಎಂದು ಹೆಸರಿಟ್ಟನು.

ಮೊದಲನೆಯ ಕೆಲಸ ಯುದ್ಧದ್ದಾಗಿರಲಿಲ್ಲ. ತಂದೆಯ ಮನೆಯಲ್ಲಿದ್ದ, ಕಾನಾನ್ಯರ ದೇವರಾದ ಬಾಳನ ಬಲಿಪೀಠವನ್ನು ಕೆಡವಿ, ಅದರ ಬಳಿಯ ಅಶೇರ ದೇವತೆಯ ಸ್ತಂಭವನ್ನು ಕಡಿಯಬೇಕಾಗಿತ್ತು. ಗಿದ್ಯೋನನು ಅದನ್ನು ಮಾಡಿದನು, ಆದರೆ ರಾತ್ರಿಯಲ್ಲಿ. ಮನೆಯವರಿಗೂ ಊರಿನವರಿಗೂ ಹೆದರಿ ಹಗಲಲ್ಲಿ ಮಾಡಲಾರದೆ ಹೋದನೆಂದು ಗ್ರಂಥವು ಮುಚ್ಚುಮರೆಯಿಲ್ಲದೆ ಬರೆಯುತ್ತದೆ. ರಾತ್ರಿ ಮಾಡಿದ್ದಕ್ಕಾಗಿ ಅವನನ್ನು ಯಾರೂ ದೂಷಿಸುವುದಿಲ್ಲ; ಬೆಳಗಾಗುವಾಗ ಬಲಿಪೀಠ ಬಿದ್ದಿತ್ತು, ಅಷ್ಟೇ ಬೇಕಾಗಿದ್ದದ್ದು. ಊರಿನವರು ಅವನ ಪ್ರಾಣ ತೆಗೆಯಲು ಬಂದಾಗ ಅಡ್ಡ ನಿಂತವನು, ಆ ಬಲಿಪೀಠದ ಒಡೆಯನಾದ ತಂದೆ ಯೋವಾಷನೇ. ಬಾಳನು ದೇವರಾಗಿದ್ದರೆ ತನ್ನ ವ್ಯಾಜ್ಯವನ್ನು ತಾನೇ ನಡೆಸಲಿ ಎಂದನು. ಅಂದಿನಿಂದ ಗಿದ್ಯೋನನಿಗೆ ಯೆರುಬ್ಬಾಳ ಎಂಬ ಹೆಸರು ಬಂತು. ಇಸ್ರೇಲಿನ ಖಿರ್ಬೆತ್ ಅಲ್-ರಾಯ್ ಎಂಬಲ್ಲಿ ಉತ್ಖನನದಲ್ಲಿ ದೊರೆತ, ಕ್ರಿಸ್ತಪೂರ್ವ ಸುಮಾರು 1100ರ ಕಾಲದ ಒಂದು ಸಣ್ಣ ಮಡಕೆಯ ಚೂರುಗಳ ಮೇಲೆ ಇದೇ ಹೆಸರು ಶಾಯಿಯಲ್ಲಿ ಬರೆದಿರುವುದನ್ನು 2021ರಲ್ಲಿ ವಿದ್ವಾಂಸರು ಪ್ರಕಟಿಸಿದರು. ಅದು ನಮ್ಮ ಗಿದ್ಯೋನನದೇ ಮಡಕೆಯೆಂದು ಅವರು ಹೇಳಲಿಲ್ಲ, ನಾವೂ ಹೇಳಬಾರದು. ಆ ಕಾಲದಲ್ಲಿ ಆ ಹೆಸರನ್ನು ಇಟ್ಟುಕೊಂಡು ಬದುಕಿದ ಮನುಷ್ಯರಿದ್ದರು ಎಂಬುದಷ್ಟು ಅದರಿಂದ ತಿಳಿಯುತ್ತದೆ.

ಈಗ ಉಣ್ಣೆಯ ಪ್ರಸಂಗಕ್ಕೆ ಬರೋಣ. ಇದು ನಡೆದದ್ದು ಯೆಹೋವನ ಆತ್ಮವು ಗಿದ್ಯೋನನ ಮೇಲೆ ಬಂದ ನಂತರ, ಅವನು ಕೊಂಬೂದಿ ಮನಸ್ಸೆ, ಆಶೇರ್, ಜೆಬುಲೂನ್, ನಫ್ತಾಲಿ ಕುಲಗಳವರನ್ನು ಕೂಡಿಸಿದ ನಂತರ. ಈ ಕ್ರಮವನ್ನು ಮರೆಯಬಾರದು. ಹೀಬ್ರೂವಿನಲ್ಲಿ ಅಲ್ಲಿರುವ ಕ್ರಿಯಾಪದ ಬಟ್ಟೆ ತೊಡುವುದಕ್ಕೆ ಬಳಸುವಂಥದ್ದು. ಆತ್ಮವು ಗಿದ್ಯೋನನನ್ನು ಬಟ್ಟೆಯಂತೆ ತೊಟ್ಟುಕೊಂಡಿತು ಎಂಬ ಅರ್ಥ ಬರುತ್ತದೆ. ಹಾಗೆ ಆದವನ ಒಳಗೂ ಸಂಶಯ ಉಳಿದಿತ್ತು. ದೇವರ ಆತ್ಮ ಬಂದ ಮೇಲೆ ಸಂಶಯ ಇರಲೇಬಾರದೆಂದು ಕಲಿಸುವ ಬೋಧಕರನ್ನು ನಾನು ಕೇಳಿದ್ದೇನೆ. ಅಂಥ ಬೋಧನೆ ಕೇಳಿ, ತಮ್ಮ ಮನಸ್ಸಿನೊಳಗಿನ ತಳಮಳವನ್ನು ಯಾರಿಗೂ ಹೇಳಿಕೊಳ್ಳಲಾರದೆ ವರ್ಷಗಟ್ಟಲೆ ನರಳಿದವರನ್ನೂ ಬಲ್ಲೆ. ಅವರಿಗಾಗಿ ಈ ಅಧ್ಯಾಯದ ವಾಕ್ಯಗಳ ಕ್ರಮವನ್ನು ಒತ್ತಿ ಹೇಳುತ್ತಿದ್ದೇನೆ.

ಗಿದ್ಯೋನನು ಕಣದಲ್ಲಿ ಉಣ್ಣೆ ಹರಡಿ, ಬೆಳಿಗ್ಗೆ ಉಣ್ಣೆ ಮಾತ್ರ ಮಂಜಿನಿಂದ ತೊಯ್ದು ನೆಲವೆಲ್ಲ ಒಣಗಿರಲಿ ಎಂದು ಬೇಡಿದನು. ಹಾಗೆಯೇ ಆಯಿತು, ಹಿಂಡಿದರೆ ಬಟ್ಟಲು ತುಂಬ ನೀರು. ಆದರೆ ಉಣ್ಣೆ ಮಂಜನ್ನು ಹೀರಿಕೊಳ್ಳುತ್ತದೆ, ತುಳಿದು ಗಟ್ಟಿಯಾದ ಕಣದ ನೆಲ ಬೇಗ ಒಣಗುತ್ತದೆ ಎಂಬುದು ರೈತನಾದ ಅವನಿಗೆ ರಾತ್ರಿ ಹೊಳೆದಿರಬೇಕು. ಕೋಪಮಾಡಬೇಡ, ಇನ್ನೊಂದೇ ಸಲ ಎಂದು ಅಂಜುತ್ತ, ನೆಲ ತೊಯ್ದು ಉಣ್ಣೆ ಒಣಗಿರಲಿ ಎಂದು ತಿರುಗಿಸಿ ಬೇಡಿದನು. ಆ ರಾತ್ರಿಯೂ ದೇವರು ಅವನು ಕೇಳಿದಂತೆ ಮಾಡಿದನು. ಈ ಉಣ್ಣೆ ಹಾಸಿದ್ದು ಎಲ್ಲಿ ಎಂಬುದರ ಕಡೆಗೆ ನಿಮ್ಮ ಗಮನ ಸೆಳೆಯುತ್ತೇನೆ. ಕಣದಲ್ಲಿ. ಗಾಳಿಗೂ ಶತ್ರುವಿಗೂ ತೆರೆದಿರುವ ಜಾಗವೆಂದು ಯಾವುದಕ್ಕೆ ಹೆದರಿ ಆಲೆಯೊಳಗೆ ಇಳಿದಿದ್ದನೋ ಆ ಕಣಕ್ಕೆ ಗಿದ್ಯೋನನು ಮರಳಿ ಬಂದಿದ್ದಾನೆ. ಸಂಶಯವನ್ನು ಹೊತ್ತುಕೊಂಡೇ ಬಂದಿದ್ದಾನೆ.

ಯುದ್ಧದ ಕಥೆ ಭಾನುವಾರದ ಶಾಲೆಯ ಮಕ್ಕಳಿಗೂ ಗೊತ್ತಿರುವುದರಿಂದ ಅದನ್ನು ಬೇಗ ಮುಗಿಸುತ್ತೇನೆ. ಗಿಲ್ಬೋವ ಬೆಟ್ಟದ ಬುಡದ ಹರೋದ್ ಬುಗ್ಗೆಯ ಬಳಿ 32,000 ಜನ ಸೇರಿದ್ದರು. ಹರೋದ್ ಎಂಬ ಹೆಸರು ನಡುಗುವುದು ಎಂಬರ್ಥದ ಧಾತುವಿಗೆ ಸೇರಿದ್ದು. ಹೆದರಿ ನಡುಗುವವರು ಹಿಂದಿರುಗಲಿ ಎಂದಾಗ 22,000 ಜನ ಹೊರಟುಹೋದರು. ನೀರು ಕುಡಿಯುವ ಪರೀಕ್ಷೆಯಾದ ಮೇಲೆ ಉಳಿದವರು ನೀರನ್ನು ನೆಕ್ಕಿ ಕುಡಿದ 300 ಜನ. ನೀರನ್ನು ನೆಕ್ಕಿ ಕುಡಿದವರು ಹೆಚ್ಚು ಎಚ್ಚರಿಕೆಯುಳ್ಳವರಾಗಿದ್ದರು ಎಂಬ ವಿವರಣೆ ಪ್ರಸಂಗಗಳಲ್ಲಿ ಕೇಳಿಬರುತ್ತದೆ, ಗ್ರಂಥದಲ್ಲಿ ಅದಿಲ್ಲ. ಅಲ್ಲಿರುವುದು ಒಂದೇ ಕಾರಣ: ನಮ್ಮ ಕೈಯೇ ನಮ್ಮನ್ನು ರಕ್ಷಿಸಿತೆಂದು ಇಸ್ರಾಯೇಲ್ಯರು ಹೆಚ್ಚಳಪಡಬಾರದು.

ಆ ರಾತ್ರಿ ಯೆಹೋವನು ಗಿದ್ಯೋನನಿಗೆ, ನಿನಗೆ ಭಯವಿದ್ದರೆ ನಿನ್ನ ಸೇವಕನಾದ ಪುರಾನನ್ನು ಕರೆದುಕೊಂಡು ಮೊದಲು ಶತ್ರುಗಳ ಪಾಳೆಯಕ್ಕೆ ಇಳಿದುಹೋಗಿ ಅವರ ಮಾತು ಕೇಳು ಎಂದನು. ಮುಂದಿನ ವಾಕ್ಯದಲ್ಲಿಯೇ ಗಿದ್ಯೋನನು ಪುರಾನೊಡನೆ ಇಳಿದುಹೋಗುತ್ತಾನೆ. ಅಂದರೆ 22,000 ಅಂಜುಬುರುಕರನ್ನು ಮನೆಗೆ ಕಳುಹಿಸಿದ ನಾಯಕನಿಗೂ ಭಯವಿತ್ತು! ಅವನು ಅದನ್ನು ದೇವರಿಂದ ಮರೆಮಾಡಲಿಲ್ಲ, ದೇವರೂ ಆ ಭಯದ ಕಾರಣ ಅವನನ್ನು ಹಿಂದಿರುಗಿಸಲಿಲ್ಲ. ಕತ್ತಲಲ್ಲಿ ಡೇರೆಯ ಹೊರಗೆ ನಿಂತು ಅವನು ಕೇಳಿದ್ದು ಒಬ್ಬ ಮಿದ್ಯಾನ್ಯನ ಕನಸು: ಜವೆಗೋದಿಯ ಒಂದು ರೊಟ್ಟಿ ಉರುಳುತ್ತ ಬಂದು ಡೇರೆಗೆ ಬಡಿದು ಅದನ್ನು ಕೆಡವಿತಂತೆ. ಜವೆಗೋದಿ ಬಡವರ ಧಾನ್ಯ, ಗೋದಿಗಿಂತ ಅಗ್ಗದ್ದು. ಇದು ಗಿದ್ಯೋನನ ಕತ್ತಿಯೇ ಎಂದು ಜೊತೆಗಾರನು ಅರ್ಥ ಹೇಳಿದನು. ತನ್ನನ್ನು ಕನಿಷ್ಠನೆಂದು ಕರೆದುಕೊಂಡಿದ್ದವನಿಗೆ ಶತ್ರುವಿನ ಕನಸಿನಲ್ಲಿಯೂ ಸಿಕ್ಕ ರೂಪ ಬಡವರ ರೊಟ್ಟಿಯದೇ, ಮತ್ತು ಆ ರೊಟ್ಟಿಯೇ ಡೇರೆಯನ್ನು ಕೆಡವಿತು. ಗಿದ್ಯೋನನು ನಿಂತಲ್ಲೇ, ಶತ್ರುವಿನ ಪಾಳೆಯದ ಅಂಚಿನಲ್ಲಿಯೇ, ದೇವರಿಗೆ ಅಡ್ಡಬಿದ್ದನು. ಅವನ ಇಡೀ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಕ್ಷಣ ಅದು. ಉಳಿದದ್ದು ನಿಮಗೆ ಗೊತ್ತು: ನಡುರಾತ್ರಿಯ ಕಾವಲು ಬದಲಾದ ಹೊತ್ತಿನಲ್ಲಿ ಮೂರು ಗುಂಪುಗಳ ಕೊಂಬುಗಳ ಧ್ವನಿ, ಒಡೆದ ಕೊಡಗಳು, ಉರಿಯುವ ಪಂಜುಗಳು, ಕತ್ತಲಲ್ಲಿ ತಮ್ಮತಮ್ಮವರನ್ನೇ ಕಡಿದುಕೊಂಡು ಓಡಿದ ದಂಡು.

ಪ್ರಸಂಗಗಳು ಹೆಚ್ಚಾಗಿ ಇಲ್ಲಿಗೆ ನಿಲ್ಲುತ್ತವೆ. ನಾನು ನಿಲ್ಲಿಸಲಾರೆ, ಏಕೆಂದರೆ 8ನೆಯ ಅಧ್ಯಾಯವನ್ನು ಓದಿದಾಗಲೆಲ್ಲ ನನಗೆ ಎದೆ ಭಾರವಾಗುತ್ತದೆ. ಆ ಅಧ್ಯಾಯದಲ್ಲಿ ಗಿದ್ಯೋನನು ದೇವರನ್ನು ಒಂದು ಮಾತನ್ನೂ ಕೇಳುವುದಿಲ್ಲ. ದೇವರು ಅವನೊಡನೆ ಮಾತಾಡಿದ ಒಂದು ವಾಕ್ಯವೂ ಅಲ್ಲಿಲ್ಲ. ಯೆಹೋವನ ಹೆಸರು ಅವನ ಬಾಯಲ್ಲಿ ಬರುತ್ತದೆ, ಆಣೆಯಲ್ಲಿಯೂ ಬರುತ್ತದೆ. ಪ್ರಶ್ನೆಯಲ್ಲಿ ಮಾತ್ರ ಬರುವುದಿಲ್ಲ. ದಣಿದ 300 ಜನರಿಗೆ ರೊಟ್ಟಿ ಕೊಡದ ಸುಕ್ಕೋತಿನ 77 ಹಿರಿಯರನ್ನು ಮುಳ್ಳುಗಳಿಂದ ದಂಡಿಸುತ್ತಾನೆ. ಪೆನೂವೇಲಿನ ಬುರುಜನ್ನು ಕೆಡವಿ ಊರಿನ ಗಂಡಸರನ್ನು ಕೊಲ್ಲುತ್ತಾನೆ. ಇವರು ಮಿದ್ಯಾನ್ಯರಲ್ಲ, ಇಸ್ರಾಯೇಲ್ಯರು, ಆಲೆಯ ಬಳಿ ಅವನು "ನಮ್ಮ" ಎಂದಾಗ ಆ ಮಾತಿನೊಳಗಿದ್ದವರು. ಮಿದ್ಯಾನ್ಯ ಅರಸರಾದ ಜೆಬಹ ಮತ್ತು ಚಲ್ಮುನ್ನರನ್ನು ಹಿಡಿದ ಮೇಲೆ, ಅವರು ತಾಬೋರಿನಲ್ಲಿ ತನ್ನ ಒಡಹುಟ್ಟಿದವರನ್ನು ಕೊಂದದ್ದು ಹೊರಬರುತ್ತದೆ. ಆಗ ಅವನು ತನ್ನ ಹಿರಿಯ ಮಗನಾದ ಯೆತೆರನಿಗೆ, ಎದ್ದು ಇವರನ್ನು ಕೊಲ್ಲು ಎನ್ನುತ್ತಾನೆ. ಹುಡುಗನು ಹೆದರಿ ಕತ್ತಿಯನ್ನು ಹಿರಿಯಲಿಲ್ಲ. ಅವನು ಇನ್ನೂ ಚಿಕ್ಕವನಾಗಿದ್ದನು ಎಂದು ಗ್ರಂಥವು ಹೇಳುತ್ತದೆ. ತಂದೆಯ ಮನೆಯಲ್ಲಿ ನಾನು ಚಿಕ್ಕವನು ಎಂದು ಒಂದು ದಿನ ಹೇಳಿದ್ದವನು, ಹೆದರಿಕೆಯನ್ನು ಒಳಗಿನಿಂದ ಬಲ್ಲವನು, ತನ್ನ ಮಗನ ಹೆದರಿಕೆಗೆ ಒಂದು ಸಾಂತ್ವನದ ಮಾತನ್ನೂ ಆಡಿದಂತೆ ಕಾಣುವುದಿಲ್ಲ. ತಾನೇ ಎದ್ದು ಅರಸರನ್ನು ಕೊಂದನು, ಅವರ ಒಂಟೆಗಳ ಕೊರಳಿನ ಆಭರಣಗಳನ್ನು ತೆಗೆದುಕೊಂಡನು.

ಜನರು, ನೀನೂ ನಿನ್ನ ಮಗನೂ ಮೊಮ್ಮಗನೂ ನಮ್ಮನ್ನು ಆಳಿರಿ ಎಂದಾಗ ಗಿದ್ಯೋನನು ಕೊಟ್ಟ ಉತ್ತರ ನಿಷ್ಕಳಂಕವಾದದ್ದು: ನಾನೂ ಆಳುವುದಿಲ್ಲ, ನನ್ನ ಮಗನೂ ಆಳುವುದಿಲ್ಲ, ಯೆಹೋವನೇ ನಿಮ್ಮನ್ನು ಆಳುವನು. ಆದರೆ ಅದೇ ಉಸಿರಿನಲ್ಲಿ ಕೊಳ್ಳೆಯ ಮುರುವುಗಳನ್ನು ಬೇಡಿದನು. 1,700 ಶೆಕೆಲ್ ಚಿನ್ನ ಕೂಡಿತು, ನಮ್ಮ ತೂಕದಲ್ಲಿ ಹತ್ತೊಂಬತ್ತು ಕಿಲೋಗಳಷ್ಟು. ಅದರಿಂದ ಒಂದು ಏಫೋದನ್ನು ಮಾಡಿಸಿ ತನ್ನ ಊರಾದ ಒಫ್ರದಲ್ಲಿ ಇರಿಸಿದನು. ಏಫೋದೆಂದರೆ ಯಾಜಕನು ತೊಡುವ ವಸ್ತ್ರ. ದೇವರ ಚಿತ್ತವನ್ನು ವಿಚಾರಿಸಿ ತಿಳಿಯುವುದಕ್ಕೆ ಅದನ್ನು ಬಳಸುತ್ತಿದ್ದರು. ದೇವರೊಡನೆ ಎದುರುಬದುರಾಗಿ ಕೇಳಿದ್ದವನು, ಬರಿಯ ಒಂದು ಕುರಿಯ ಉಣ್ಣೆಯನ್ನು ಹಾಸಿ ಉತ್ತರ ಪಡೆದಿದ್ದವನು, ಕೇಳುವುದಕ್ಕೆಂದು ಚಿನ್ನದ ಒಂದು ವಸ್ತುವನ್ನು ಮಾಡಿಸಿಟ್ಟನು. ಅವನು ಅದರಿಂದ ಏನನ್ನಾದರೂ ಕೇಳಿದನೆಂದು ಎಲ್ಲಿಯೂ ಬರೆದಿಲ್ಲ. ಇಸ್ರಾಯೇಲ್ಯರೆಲ್ಲ ಅದನ್ನು ಪೂಜಿಸಿ ದ್ರೋಹಿಗಳಾದರು, ಅದು ಗಿದ್ಯೋನನಿಗೂ ಅವನ ಮನೆಯವರಿಗೂ ಉರುಲಾಯಿತು. ಅವನು ತನ್ನ ಕೈಯಿಂದ ಕಟ್ಟಿದ ಯೆಹೋವ ಷಾಲೋಮ್ ಬಲಿಪೀಠ ಆಗಲೂ ಅದೇ ಒಫ್ರದಲ್ಲಿ ಇತ್ತು.

ಸಭೆಗಳಲ್ಲಿ ಹಿರಿಯರ ಸ್ಥಾನಕ್ಕೆ ಕರೆ ಬಂದಾಗ ನಮ್ಮಲ್ಲಿ ಅನೇಕರು ಹಿಂಜರಿಯುತ್ತೇವೆ, ಹಿಂಜರಿದದ್ದಕ್ಕಾಗಿ ನಮ್ಮನ್ನೇ ಹಳಿದುಕೊಳ್ಳುತ್ತೇವೆ. ನಾನು ಅಂಜುವುದು ಆ ದಿನದ ಬಗ್ಗೆಯಲ್ಲ. ಹತ್ತು ವರ್ಷ ಕಳೆದು, ಆ ಸ್ಥಾನದಲ್ಲಿ ಕುಳಿತು ಅಭ್ಯಾಸವಾಗಿ, ಪ್ರಾರ್ಥನೆಯಲ್ಲಿ ಪ್ರಶ್ನೆಯೇ ಇಲ್ಲದಂತಾಗುವ ದಿನದ ಬಗ್ಗೆ ಅಂಜುತ್ತೇನೆ. ಇಬ್ರಿಯರಿಗೆ ಬರೆದ ಪತ್ರಿಕೆಯ 11ನೆಯ ಅಧ್ಯಾಯ ಗಿದ್ಯೋನನನ್ನು ನಂಬಿಕೆಯ ವೀರರ ಸಾಲಿನಲ್ಲಿ ಹೆಸರಿಸಿ, ಅವರು ನಿರ್ಬಲರಾಗಿದ್ದು ಬಲಿಷ್ಠರಾದರು ಎನ್ನುತ್ತದೆ. ಆ ಗೌರವ ಅವನಿಗೆ ಸಲ್ಲಬೇಕಾದದ್ದೇ. ಅವನ ಕಾಲದಲ್ಲಿ ದೇಶಕ್ಕೆ 40 ವರ್ಷ ವಿಶ್ರಾಂತಿ ಸಿಕ್ಕಿತು, ಮಕ್ಕಳು ಗುಹೆಗಳ ಬದಲು ಮನೆಗಳಲ್ಲಿ ಹುಟ್ಟಿದರು. ಆದರೆ ಅವನ ನಿರ್ಬಲತೆಯ ದಿನಗಳನ್ನೂ ಬಲದ ದಿನಗಳನ್ನೂ ಒಟ್ಟಿಗಿಟ್ಟು ಓದದೆ ಹೋದರೆ ನಾವು ಅವನನ್ನು ಅರ್ಧವೇ ಬಲ್ಲೆವು.

ಗಿದ್ಯೋನನಿಗೆ ಅನೇಕ ಹೆಂಡತಿಯರಿದ್ದರು, 70 ಮಂದಿ ಗಂಡುಮಕ್ಕಳಿದ್ದರು. ಆಳುವುದಿಲ್ಲವೆಂದವನು ಶೆಕೆಮಿನ ಉಪಪತ್ನಿಯಲ್ಲಿ ಹುಟ್ಟಿದ ಮಗನಿಗೆ ಇಟ್ಟ ಹೆಸರು ಅಬೀಮೆಲೆಕ, ಅಂದರೆ ನನ್ನ ತಂದೆ ಅರಸ. ತಂದೆ ಸತ್ತ ಮೇಲೆ ಆ ಮಗನು ಒಫ್ರಕ್ಕೆ ಬಂದು ತನ್ನ ಅಣ್ಣತಮ್ಮಂದಿರನ್ನೆಲ್ಲ ಒಂದೇ ಕಲ್ಲಿನ ಮೇಲೆ ಕೊಂದು ಅರಸನಾದನು. ಎಲ್ಲರಿಗೂ ಕಿರಿಯನಾದ ಯೋತಾಮನೊಬ್ಬ ಉಳಿದನು, ಅವನು ಅಡಗಿಕೊಂಡಿದ್ದನು. ಮುಂದೆ ಆ ಹುಡುಗನೇ ಗೆರಿಜ್ಜೀಮ್ ಬೆಟ್ಟದ ತುದಿಗೆ ಹತ್ತಿ ನಿಂತು, ಎಣ್ಣೆಮರವೂ ಅಂಜೂರವೂ ದ್ರಾಕ್ಷಿಯೂ ಬೇಡವೆಂದ ಅರಸುತನವನ್ನು ಮುಳ್ಳಿನ ಪೊದೆ ಒಪ್ಪಿಕೊಂಡ ಕಥೆಯನ್ನು ಶೆಕೆಮಿನವರಿಗೆ ಕೇಳಿಸುವಂತೆ ಗಟ್ಟಿಯಾಗಿ ಹೇಳಿದನು. ಹೇಳಿ ಮುಗಿಸಿ, ಅಬೀಮೆಲೆಕನಿಗೆ ಹೆದರಿ, ಬೇರ್ ಎಂಬ ಊರಿಗೆ ಓಡಿಹೋಗಿ ಅಲ್ಲಿ ಬದುಕಿದನು.